ರಟ್ಟೆ ನೋವೆಂದು ಸುಮ್ಮನಿರಬೇಡಿ

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಕೆಸರಾಗಬೇಕಾದ ಆ ಕೈಯೇ ಮೇಲೇಳದಿದ್ದರೆ? ದಿನಗೂಲಿಯ ಮನೆಯಲ್ಲಿ ಈ ಪ್ರಶ್ನೆ ಒಬ್ಬರ ಭುಜಕ್ಕೆ ಸಂಬಂಧಿಸಿದ್ದಾಗಿ ಉಳಿಯುವುದಿಲ್ಲ. ಮಕ್ಕಳ ಶಾಲೆ, ಮನೆ ಬಾಡಿಗೆ, ಸಂಘದ ಸಾಲದ ಕಂತು ಎಲ್ಲವೂ ಆ ಒಂದು ರಟ್ಟೆಯನ್ನೇ ನಂಬಿಕೊಂಡಿರುತ್ತವೆ.

ತರೀಕೆರೆಯ ಅಡಿಕೆ ತೋಟಗಳಲ್ಲಿ ಕತ್ತೆತ್ತಿ, ಎರಡೂ ಕೈಗಳನ್ನು ತಲೆಯ ಮೇಲೆ ಹಿಡಿದು ದೋಟಿಯಿಂದ ಗೊನೆ ಇಳಿಸುವವರಿದ್ದಾರೆ. ಅಜ್ಜಂಪುರದ ಕಡೆ ಈರುಳ್ಳಿ ಕಟಾವಿನ ಕಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಚೀಲಗಳನ್ನು ಹೆಗಲಿಗೇರಿಸಿ ಲಾರಿಗೆ ತುಂಬುವವರಿದ್ದಾರೆ. ಕಡೂರಿನಲ್ಲಿ ತೆಂಗಿನಕಾಯಿ ಕೀಳುವವರು, ಸುಲಿಯುವವರು, ಮೂಟೆ ಹೊರುವವರಿದ್ದಾರೆ. ಇವರ ಜೊತೆಗೆ ಗೋಡೆ, ಸೂರಿಗೆ ಬಣ್ಣ ಬಳಿಯುವ ಪೇಂಟರ್, ಗಾಡಿಯ ಕೆಳಗೆ ಮಲಗಿ ಮೇಲಕ್ಕೆ ಕೈ ಚಾಚುವ ಮೆಕ್ಯಾನಿಕ್, ದಿನವಿಡೀ ಹೊಲಿಗೆ ಯಂತ್ರದ ಮುಂದೆ ಭುಜ ಬಗ್ಗಿಸಿ ಕೂರುವ ಟೈಲರ್, ನೀರು ತುಂಬಿದ ಕೊಡ ಮತ್ತು ಅಳುವ ಮಗುವನ್ನು ಒಂದೇ ಕಡೆಯ ಕಂಕುಳಲ್ಲಿ ಎತ್ತಿಕೊಳ್ಳುವ ತಾಯಿ. ಇವರೆಲ್ಲರೂ ಒಂದಲ್ಲ ಒಂದು ದಿನ "ರಟ್ಟೆ ಹಿಡಿದುಕೊಂಡಿದೆ" ಎನ್ನುತ್ತಾರೆ. ಎಣ್ಣೆ ಹಚ್ಚಿ, ಮಾತ್ರೆ ನುಂಗಿ, ಮರುದಿನ ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಹೆಚ್ಚಿನ ಸಲ ನೋವು ಹೋಗುತ್ತದೆ. ಹೋಗದೆ ಉಳಿದಾಗ ಅದು ಭುಜದ ಸ್ನಾಯುರಜ್ಜುವಿನ ಗಾಯವಾಗಿರುವ ಸಾಧ್ಯತೆ ಬಹಳ.

ಭುಜದೊಳಗೆ ಏನಿದೆ?

ಸೊಂಟದ ಕೀಲಿನಲ್ಲಿ ಚೆಂಡಿನಂಥ ಮೂಳೆ ಆಳವಾದ ಬಟ್ಟಲಿನೊಳಗೆ ಕುಳಿತಿರುತ್ತದೆ. ಭುಜದಲ್ಲಿ ಹಾಗಲ್ಲ. ಇಲ್ಲಿ ಬಟ್ಟಲು ತಟ್ಟೆಯಷ್ಟು ಚಪ್ಪಟೆ. ಆದ್ದರಿಂದಲೇ ನಾವು ಕೈಯನ್ನು ಮೇಲೆ, ಹಿಂದೆ, ಸುತ್ತ ಎಲ್ಲ ಕಡೆ ತಿರುಗಿಸಬಲ್ಲೆವು. ಆದರೆ ತಟ್ಟೆಯ ಮೇಲಿನ ಚೆಂಡು ಜಾರದಂತೆ ಯಾರಾದರೂ ಹಿಡಿದಿರಬೇಕಲ್ಲ? ಆ ಕೆಲಸ ಮಾಡುವುದು ನಾಲ್ಕು ಸ್ನಾಯುಗಳು. ಬೆನ್ನಿನ ರೆಕ್ಕೆ ಮೂಳೆಯಿಂದ ಹೊರಟು, ತೋಳಿನ ಮೂಳೆಯ ತಲೆಯನ್ನು ಅಂಗಿಯ ತೋಳಿನ ಪಟ್ಟಿಯಂತೆ ಸುತ್ತಿಕೊಳ್ಳುತ್ತವೆ. ವೈದ್ಯರು ಇದನ್ನು ರೊಟೇಟರ್ ಕಫ್ ಎನ್ನುತ್ತಾರೆ.

ಸ್ನಾಯು ಮೂಳೆಗೆ ಅಂಟಿಕೊಳ್ಳುವ ಕಡೆ ಅದು ಹಗ್ಗದಂತೆ ಗಟ್ಟಿಯಾಗುತ್ತದೆ. ಆ ಹಗ್ಗವೇ ಸ್ನಾಯುರಜ್ಜು. ನಾಲ್ಕರಲ್ಲಿ ಮೇಲ್ಭಾಗದ ರಜ್ಜು ಒಂದು ಇಕ್ಕಟ್ಟಾದ ಜಾಗದಲ್ಲಿ ಹಾದುಹೋಗುತ್ತದೆ. ಅದರ ಮೇಲೆ ಭುಜದ ತುದಿಯ ಮೂಳೆ, ಕೆಳಗೆ ತೋಳಿನ ಮೂಳೆಯ ತಲೆ. ಕೈಯನ್ನು ಮೇಲೆತ್ತಿದಾಗ ಈ ಜಾಗ ಇನ್ನೂ ಕಿರಿದಾಗುತ್ತದೆ. ಹೆಚ್ಚಾಗಿ ಸವೆಯುವುದು, ಹರಿಯುವುದು ಈ ಮೇಲಿನ ರಜ್ಜುವೇ. ಅದಕ್ಕೆ ರಕ್ತದ ಪೂರೈಕೆ ಕಡಿಮೆ. ವಯಸ್ಸಾದಂತೆ ಅದು ಹಳೆಯ ಬಾವಿ ಹಗ್ಗದಂತೆ ಎಳೆ ಎಳೆಯಾಗಿ ಬಿಡುತ್ತಾ ಹೋಗುತ್ತದೆ.

ಗಾಯ ಎರಡು ಬಗೆ. ವರ್ಷಗಟ್ಟಲೆ ಒಂದೇ ಕೆಲಸ ಮಾಡಿ ನಿಧಾನವಾಗಿ ಸವೆದದ್ದು ಒಂದು. ಮರದಿಂದ ಬಿದ್ದು, ಬೈಕ್‌ನಿಂದ ಉರುಳಿ, ಜಾರುವ ಮೂಟೆಯನ್ನು ಗಬಕ್ಕನೆ ಹಿಡಿಯಲು ಹೋಗಿ ಒಂದೇ ಏಟಿಗೆ ಹರಿದದ್ದು ಇನ್ನೊಂದು. ಇವೆರಡರ ವ್ಯತ್ಯಾಸ ತಿಳಿದಿರಬೇಕು, ಏಕೆಂದರೆ ಚಿಕಿತ್ಸೆಯ ದಾರಿಯೂ, ನಮಗಿರುವ ಸಮಯವೂ ಬೇರೆ ಬೇರೆ.

ಬಿಲ್ಲು ಮತ್ತು ದೋಟಿ

ಅಮೆರಿಕದಂಥ ದೇಶಗಳಲ್ಲಿ ಬಿಲ್ಲು ಹಿಡಿದು ಬೇಟೆಯಾಡುವವರು ಈಗಲೂ ಇದ್ದಾರೆ. ಅವರನ್ನು ಬಹಳವಾಗಿ ಕಾಡುವ ತೊಂದರೆಗಳಲ್ಲಿ ಈ ಭುಜದ ರಜ್ಜುವಿನ ನೋವೂ ಒಂದು. ನಮ್ಮಲ್ಲಿ ಆ ಮಾತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಕೋವಿಯಾದರೂ ಸರಿ, ಬಿಲ್ಲಾದರೂ ಸರಿ, ಉರುಳಾದರೂ ಸರಿ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಆಚೆಗೆ ಹಬ್ಬಿರುವ ಭದ್ರಾ ಕಾಡು 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಬಿಲ್ಲು ನಮಗೆ ಉಳಿದಿರುವುದು ಆಟವಾಗಿ ಮಾತ್ರ. ಪ್ರವಾದಿ(ಸ)ರು ಬಿಲ್ಲುವಿದ್ಯೆಯನ್ನು ಪ್ರೋತ್ಸಾಹಿಸಿದ್ದರೆಂದು ನಮ್ಮ ಮಕ್ಕಳು ಮದ್ರಸಾದಲ್ಲಿ ಕಲಿಯುತ್ತಾರೆ. ಶಾಲೆ, ಕಾಲೇಜುಗಳಲ್ಲಿ ಈ ಕ್ರೀಡೆಗೆ ಸೇರುವವರೂ ಇದ್ದಾರೆ.

ಬಿಲ್ಲುಗಾರರ ಲೆಕ್ಕ ನೋಡಿದರೆ ನಮ್ಮ ಕೂಲಿಕಾರರ ಭುಜದ ಕಷ್ಟ ಸುಲಭವಾಗಿ ಅರ್ಥವಾಗುತ್ತದೆ. ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಒಬ್ಬ ಬಿಲ್ಲುಗಾರ 70 ಮೀಟರ್ ದೂರದ ಗುರಿಗೆ 72 ಬಾಣ ಬಿಡುತ್ತಾನೆ. ಪ್ರತಿ ಸಲ ಹೆದೆಯನ್ನು ಎಳೆದು ಹಿಡಿಯಲು ಸುಮಾರು 20 ಕಿಲೋ ಬಲ ಬೇಕು ಎಂದುಕೊಳ್ಳಿ. ಒಂದು ಸುತ್ತಿಗೆ ಅವನ ಭುಜ ಎಳೆದ ಒಟ್ಟು ಭಾರ 1,440 ಕಿಲೋ. ಅಷ್ಟಕ್ಕೇ ಅವರಿಗೆ ತರಬೇತುದಾರ, ಫಿಸಿಯೋಥೆರಪಿಸ್ಟ್, ಬಿಡುವಿನ ದಿನ, ಬೆಚ್ಚಗಾಗುವ ವ್ಯಾಯಾಮ ಎಲ್ಲವೂ ಇರುತ್ತವೆ. ಐವತ್ತು ಕಿಲೋದ ಚೀಲವನ್ನು ದಿನಕ್ಕೆ ನೂರು ಸಲ ಹೊರುವ ಹಮಾಲಿಯ ಹೆಗಲು 5,000 ಕಿಲೋ ಹೊರುತ್ತದೆ. ಹೊರುವ ಭಾರವೂ ಎಳೆಯುವ ಬಲವೂ ಒಂದೇ ಅಲ್ಲ, ನಿಜ. ಆದರೂ ಒಬ್ಬರ ಭುಜಕ್ಕೆ ಸಿಗುವ ಆರೈಕೆ ಇನ್ನೊಬ್ಬರಿಗೆ ಏಕಿಲ್ಲ ಎಂಬ ಪ್ರಶ್ನೆ ಏಳುತ್ತದೆ.

ಗಾಯವಾದ ಬಿಲ್ಲುಗಾರ ಚೇತರಿಸಿಕೊಳ್ಳುವ ರೀತಿಯಿಂದ ನಾವು ಕಲಿಯಬಹುದಾದದ್ದು ಬಹಳಷ್ಟಿದೆ. ಅವನು ಹಳೆಯ ಬಿಲ್ಲನ್ನು ಒಮ್ಮೆಲೇ ಎತ್ತುವುದಿಲ್ಲ. ಮೊದಲು ಬರಿಗೈ, ಆಮೇಲೆ ರಬ್ಬರ್ ಪಟ್ಟಿ, ಆಮೇಲೆ ಹಗುರವಾದ ಬಿಲ್ಲು, ಕೆಲವೇ ಬಾಣ. ವಾರ ವಾರ ಸ್ವಲ್ಪ ಸ್ವಲ್ಪ ಏರಿಸುತ್ತಾನೆ. ದೋಟಿಗೂ ಚೀಲಕ್ಕೂ ಇದೇ ಕ್ರಮ ಸಲ್ಲುತ್ತದೆ.

ಗುರುತಿಸುವುದು ಹೇಗೆ?

ಈ ನೋವು ಭುಜದ ತುದಿಗಿಂತ ಹೆಚ್ಚಾಗಿ ತೋಳಿನ ಹೊರಮಗ್ಗುಲಲ್ಲಿ, ಚಿಕ್ಕಂದಿನಲ್ಲಿ ಲಸಿಕೆ ಚುಚ್ಚಿದ ಜಾಗದ ಹತ್ತಿರ ಕಾಣಿಸುತ್ತದೆ. ಕೈಯನ್ನು ಪಕ್ಕದಿಂದ ಮೇಲೆತ್ತುವಾಗ ಮಧ್ಯದಲ್ಲಿ ಚುಚ್ಚಿ, ಪೂರ್ತಿ ಮೇಲೆ ಹೋದಾಗ ಕಡಿಮೆಯಾಗುತ್ತದೆ. ಆ ಮಗ್ಗುಲಿಗೆ ಮಲಗಿದರೆ ರಾತ್ರಿ ಎಚ್ಚರವಾಗುತ್ತದೆ. ಅಟ್ಟದ ಮೇಲಿನ ಡಬ್ಬಿ ತೆಗೆಯುವುದು, ತಲೆ ಬಾಚುವುದು, ಬುರ್ಖಾದ ತೋಳಿಗೆ ಕೈ ತೂರಿಸುವುದು, ಬೆನ್ನ ಹಿಂದಿನ ಹುಕ್ ಹಾಕುವುದು ಕಷ್ಟವಾಗುತ್ತದೆ. ನಮಾಝ್‌ನ ತಕ್ಬೀರ್‌ಗೆ ಕೈ ಕಿವಿಯವರೆಗೆ ಏಳುವುದಿಲ್ಲ. ರಜ್ಜು ಪೂರ್ತಿ ಹರಿದಿದ್ದರೆ ನೋವಿಗಿಂತ ನಿಶ್ಶಕ್ತಿಯೇ ಹೆಚ್ಚು. ಇನ್ನೊಂದು ಕೈಯಿಂದ ಹಿಡಿದೆತ್ತಿದರೆ ತೋಳು ಮೇಲೆ ಬರುತ್ತದೆ, ತಾನಾಗಿ ಏಳುವುದಿಲ್ಲ.

ಭುಜದ ನೋವೆಲ್ಲ ರಜ್ಜುವಿನದ್ದೇ ಅಲ್ಲ. ಬೇರೆಯವರು ಎತ್ತಿದರೂ ತೋಳು ಅಲುಗದಷ್ಟು ಬಿಗಿದುಕೊಂಡಿದ್ದರೆ ಅದು ಬಿಗಿದ ಭುಜ, ಅಂದರೆ ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ನೋವು ಕತ್ತಿನಿಂದ ಹೊರಟು ಮೊಣಕೈ ದಾಟಿ ಬೆರಳುಗಳು ಜೋಮು ಹಿಡಿದರೆ ಕತ್ತಿನ ನರದ ತೊಂದರೆ ಇರಬಹುದು. ಎಡ ಭುಜದ ನೋವಿನ ಜೊತೆಗೆ ಎದೆ ಹಿಂಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಇದ್ದರೆ ಅದು ಹೃದಯಾಘಾತದ ಗುರುತು. ಆಗ ಎಣ್ಣೆ, ಕಾವು ಎನ್ನುತ್ತಾ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಬೇಕು.

ಬಿದ್ದ ದಿನದಿಂದಲೇ ತೋಳು ಏಳದಿದ್ದರೆ, ಭುಜದ ಆಕಾರ ಬದಲಾಗಿದ್ದರೆ, ಕೈ ಮರಗಟ್ಟಿದ್ದರೆ, ಅಥವಾ ಜ್ವರದ ಜೊತೆಗೆ ಭುಜ ಕೆಂಪಗೆ ಬಿಸಿಯಾಗಿ ಊದಿಕೊಂಡಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ ಎರಡು ಮೂರು ವಾರದಲ್ಲಿ ಕಡಿಮೆಯಾಗದ ನೋವನ್ನು ವೈದ್ಯರಿಗೆ ತೋರಿಸಲೇಬೇಕು.

ತಡ ಮಾಡಿದರೆ ಏನಾಗುತ್ತದೆ?

ದುಡಿಯುವ ವಯಸ್ಸಿನವರಲ್ಲಿ ಬಿದ್ದು ರಜ್ಜು ಪೂರ್ತಿ ಹರಿದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅದನ್ನು ಕೆಲವು ವಾರಗಳೊಳಗೆ, ಹೆಚ್ಚೆಂದರೆ ಎರಡು ಮೂರು ತಿಂಗಳೊಳಗೆ ಮಾಡಿದರೆ ಫಲ ಚೆನ್ನಾಗಿರುತ್ತದೆ. ಹರಿದ ರಜ್ಜು ರಬ್ಬರಿನಂತೆ ಹಿಂದಕ್ಕೆ ಸರಿಯುತ್ತದೆ. ಕೆಲಸವಿಲ್ಲದ ಸ್ನಾಯು ಬಡವಾಗಿ, ಅದರ ಜಾಗವನ್ನು ಕೊಬ್ಬು ತುಂಬುತ್ತದೆ. ಹಾಗಾದ ಮೇಲೆ ಎಳೆದು ಹೊಲಿದರೂ ಅದು ನಿಲ್ಲುವುದು ಕಷ್ಟ. "ಈ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ" ಎಂಬ ಮಾತು ಎಷ್ಟೋ ಭುಜಗಳನ್ನು ಕಳೆದಿರುವುದು ಹೀಗೆ.

ಮೆಲ್ಲಗೆ ಸವೆದ ರಜ್ಜುವಿನ ಕಥೆ ಬೇರೆ. ಅರವತ್ತು ದಾಟಿದ ಅನೇಕರ ಭುಜದಲ್ಲಿ ನೋವೇ ಇಲ್ಲದೆ ಹರಿದ ರಜ್ಜು ಇರುತ್ತದೆ. ಆದ್ದರಿಂದ ಸ್ಕ್ಯಾನ್ ವರದಿಯಲ್ಲಿ ಹರಿದಿದೆ ಎಂದು ಬರೆದಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಇಂಥವರಲ್ಲಿ ಮೊದಲ ಚಿಕಿತ್ಸೆ ವ್ಯಾಯಾಮವೇ.

ವೈದ್ಯರು ಮೊದಲು ಕೈಯಿಂದ ಪರೀಕ್ಷಿಸುತ್ತಾರೆ. ಮೂಳೆಯ ಸ್ಥಿತಿಗೆ ಎಕ್ಸ್‌ರೇ, ರಜ್ಜುವಿಗೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ. ಎಲ್ಲರಿಗೂ ಎಂಆರ್‌ಐ ಬೇಕಿಲ್ಲ. ಅದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ ನೋಡಿ.

ಇಂಜೆಕ್ಷನ್, ಮಾತ್ರೆ, ಎಣ್ಣೆ

ನೋವು ತಡೆಯದಾದಾಗ "ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ಸರಿಹೋಗುತ್ತದೆ" ಎನ್ನುವವರು ಸಿಗುತ್ತಾರೆ. ಭುಜದೊಳಗೆ ಹಾಕುವ ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಕೆಲವು ವಾರ ಆರಾಮ ಸಿಗುತ್ತದೆ. ಅದು ರಜ್ಜುವನ್ನು ಬೆಸೆಯುವುದಿಲ್ಲ. ಮತ್ತೆ ಮತ್ತೆ ಹಾಕಿಸಿದರೆ ರಜ್ಜು ಇನ್ನಷ್ಟು ದುರ್ಬಲವಾಗಬಹುದು. ನೋವು ಹೋಯಿತೆಂದು ಮರುದಿನವೇ ಮೂಟೆ ಹೊತ್ತರೆ ಅರ್ಧ ಹರಿದದ್ದು ಪೂರ್ತಿ ಹರಿಯಬಹುದು. ಸಕ್ಕರೆ ಕಾಯಿಲೆಯವರಿಗೆ ಈ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ. ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಯ ಹುಣ್ಣಿಗೆ, ಮೂತ್ರಪಿಂಡದ ತೊಂದರೆಗೆ ದಾರಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಇನ್ನೂ ಎಚ್ಚರವಾಗಿರಬೇಕು. ರಮಝಾನ್‌ನಲ್ಲಿ ಇಂಥ ಮಾತ್ರೆಗಳನ್ನು ಬರಿ ಹೊಟ್ಟೆಗೆ ನುಂಗದೆ, ವೈದ್ಯರು ಹೇಳಿದಂತೆ ಇಫ್ತಾರ್ ಅಥವಾ ಸಹರಿಯ ಊಟದ ನಂತರ, ಸಾಕಷ್ಟು ನೀರಿನೊಂದಿಗೆ ತೆಗೆದುಕೊಳ್ಳಿ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಪುಡಿ, ಗುಳಿಗೆಗಳು ಬೇಡವೇ ಬೇಡ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು.

ಮೆಲ್ಲಗೆ ಎಣ್ಣೆ ಹಚ್ಚಿ ಸವರಿದರೆ ಕೆಡುಕಿಲ್ಲ, ಹಿತವಾಗುತ್ತದೆ. ಆದರೆ ಬಿದ್ದು ಪೆಟ್ಟಾದ ಭುಜವನ್ನು ಜಗ್ಗಿಸಿ, ಲಟಕ್ಕೆನಿಸಿ ಕೂರಿಸಲು ಹೋಗಬೇಡಿ. ಮೂಳೆ ಬಿರುಕು ಬಿಟ್ಟಿದ್ದರೆ, ರಜ್ಜು ಹರಿದಿದ್ದರೆ ಆ ಎಳೆತ ಗಾಯವನ್ನು ದೊಡ್ಡದು ಮಾಡುತ್ತದೆ. ಮೊದಲು ಎಕ್ಸ್‌ರೇ ಆಗಲಿ.

ಮನೆಯಲ್ಲೇ ಮಾಡಬಹುದಾದ ವ್ಯಾಯಾಮ

ಬ್ರಿಟನ್ನಿನಲ್ಲಿ 708 ಜನರ ಮೇಲೆ ನಡೆದ ಒಂದು ಅಧ್ಯಯನ 2021ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರೊಟೇಟರ್ ಕಫ್ ನೋವಿನ ಕೆಲವರಿಗೆ ಫಿಸಿಯೋಥೆರಪಿಸ್ಟ್ ಬಳಿ ಆರು ಭೇಟಿಗಳವರೆಗೆ ವ್ಯಾಯಾಮ ಮಾಡಿಸಿದರು. ಉಳಿದವರಿಗೆ ಒಂದೇ ಭೇಟಿಯಲ್ಲಿ ಎಲ್ಲವನ್ನೂ ತಿಳಿಸಿ, ಮನೆಯಲ್ಲಿ ಮಾಡಲು ವ್ಯಾಯಾಮ ಕಲಿಸಿ ಕಳುಹಿಸಿದರು. ವರ್ಷದ ಕೊನೆಗೆ ನೋಡಿದರೆ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ರೀತಿ ಸುಧಾರಿಸಿದ್ದರು. ಇಂಜೆಕ್ಷನ್ ಪಡೆದವರಿಗೆ ಮೊದಲ ಕೆಲವು ವಾರ ಸ್ವಲ್ಪ ಲಾಭ ಕಂಡಿತೇ ಹೊರತು ವರ್ಷದ ಕೊನೆಗೆ ವ್ಯತ್ಯಾಸವಿರಲಿಲ್ಲ. ಹಳ್ಳಿಯಿಂದ ಬಸ್ ಹಿಡಿದು ವಾರಕ್ಕೆರಡು ಸಲ ಪೇಟೆಗೆ ಬರಲಾಗದ ಕುಟುಂಬಕ್ಕೆ ಇದು ಸಮಾಧಾನದ ಸುದ್ದಿ. ಒಂದು ಸಲ ಸರಿಯಾಗಿ ಕಲಿತು, ಮನೆಯಲ್ಲಿ ತಪ್ಪದೆ ಮಾಡಿದರೂ ಗುಣ ಸಿಗುತ್ತದೆ. ಪೆಟ್ಟು ಬಿದ್ದು ಒಮ್ಮೆಲೇ ಹರಿದ ಭುಜಕ್ಕೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಅಂಥವರು ವೈದ್ಯರನ್ನು ಕಂಡ ಮೇಲೆಯೇ ವ್ಯಾಯಾಮಕ್ಕೆ ಕೈಹಾಕಬೇಕು.

ಭುಜದ ತುದಿಯ ಮೂಳೆಯನ್ನು ಕೆತ್ತಿ ಜಾಗ ಮಾಡುವ ಶಸ್ತ್ರಚಿಕಿತ್ಸೆ ಒಂದು ಕಾಲದಲ್ಲಿ ಬಹಳ ನಡೆಯುತ್ತಿತ್ತು. ಬ್ರಿಟನ್ನಿನಲ್ಲೇ 313 ಜನರ ಮೇಲೆ ನಡೆದ ಇನ್ನೊಂದು ಪರೀಕ್ಷೆ 2017ರ ಕೊನೆಯಲ್ಲಿ ಹೊರಬಂತು. ಮೂಳೆ ಕೆತ್ತಿದವರಿಗೂ, ಕೆತ್ತದೆ ಒಳಗೆ ನೋಡಿ ಮುಚ್ಚಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ. ಆದ್ದರಿಂದ ಯಾರಾದರೂ ಆಪರೇಷನ್ ಎಂದರೆ ಯಾವುದು, ಏಕೆ ಎಂದು ಕೇಳುವುದು ರೋಗಿಯ ಹಕ್ಕು. ಹರಿದ ರಜ್ಜುವನ್ನು ಹೊಲಿಯುವುದು ಬೇರೆ, ಮೂಳೆ ಕೆತ್ತುವುದು ಬೇರೆ.

ಮೊದಲ ಹಂತದ ವ್ಯಾಯಾಮಗಳು ಇವು:

ಒಂದು, ಲೋಲಕ. ಒಳ್ಳೆಯ ಕೈಯನ್ನು ಮೇಜಿನ ಮೇಲೂರಿ ಮುಂದಕ್ಕೆ ಬಾಗಿ. ನೋವಿನ ಕೈಯನ್ನು ಸಡಿಲವಾಗಿ ಇಳಿಬಿಡಿ. ಮೈಯನ್ನು ಮೆಲ್ಲಗೆ ತೂಗುತ್ತಾ ಕೈ ತಾನಾಗಿ ಚಿಕ್ಕ ಸುತ್ತು ಹಾಕಲಿ. ಒಂದೆರಡು ನಿಮಿಷ, ದಿನಕ್ಕೆ ಎರಡು ಮೂರು ಸಲ. ಬೋಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್ ಹೆಸರಿನಲ್ಲಿ ಇದು ಇಂದಿಗೂ ಪ್ರಸಿದ್ಧ. ಅವರು 1934ರಲ್ಲಿ ಭುಜದ ಬಗ್ಗೆಯೇ ಒಂದು ಪುಸ್ತಕ ಬರೆದವರು.

ಎರಡು, ಮೇಜಿನ ಮೇಲೆ ಜಾರಿಸುವುದು. ಕುಳಿತು, ಕೈಯ ಕೆಳಗೆ ಬಟ್ಟೆ ಇಟ್ಟು, ಮುಂದಕ್ಕೆ ಬಾಗುತ್ತಾ ಕೈಯನ್ನು ಜಾರಿಸಿ ಹಿಂದಕ್ಕೆ ತನ್ನಿ. ಹತ್ತು ಸಲ.

ಮೂರು, ರೆಕ್ಕೆ ಮೂಳೆಗಳನ್ನು ಕೂಡಿಸುವುದು. ನೆಟ್ಟಗೆ ಕುಳಿತು ಬೆನ್ನಿನ ಎರಡೂ ರೆಕ್ಕೆ ಮೂಳೆಗಳನ್ನು ಹಿಂದಕ್ಕೆ ಒತ್ತಿ ಐದು ಎಣಿಸಿ ಬಿಡಿ. ಹತ್ತು ಸಲ. ಟೈಲರ್‌ಗಳು ಕೆಲಸದ ನಡುವೆಯೂ ಇದನ್ನು ಮಾಡಬಹುದು.

ನೋವು ಸ್ವಲ್ಪ ಇಳಿದ ಮೇಲೆ ಎರಡನೆಯ ಹಂತ. ಮೊಣಕೈಯನ್ನು ಮಡಚಿ ಪಕ್ಕೆಗೆ ಒತ್ತಿಕೊಂಡು, ಕೈಯ ಹೊರಬದಿಯಿಂದ ಗೋಡೆಯನ್ನು ಐದು ಎಣಿಸುವವರೆಗೆ ತಳ್ಳಿ. ಹೀಗೆ ಹತ್ತು ಸಲ. ಬೆರಳುಗಳನ್ನು ಗೋಡೆಯ ಮೇಲೆ ಜೇಡದಂತೆ ಹತ್ತಿಸಿ, ನಿನ್ನೆಗಿಂತ ಒಂದು ಬೆರಳು ಮೇಲೆ ಹೋಯಿತೇ ಎಂದು ಸೀಮೆಸುಣ್ಣದಿಂದ ಗುರುತು ಮಾಡಿ. ಮಕ್ಕಳಿಗೆ ಈ ಗುರುತು ಹಾಕುವ ಕೆಲಸ ಕೊಟ್ಟರೆ ಅವರು ದಿನವೂ ನೆನಪಿಸುತ್ತಾರೆ.

ಮೂರನೆಯ ಹಂತದಲ್ಲಿ ರಬ್ಬರ್ ಪಟ್ಟಿಯನ್ನು ಕಿಟಕಿ ಸರಳಿಗೆ ಕಟ್ಟಿ ಹೊರಕ್ಕೆ, ಒಳಕ್ಕೆ, ಹಿಂದಕ್ಕೆ ಎಳೆಯುವುದು. ಹತ್ತು ಹತ್ತರಂತೆ ಮೂರು ಸರದಿ, ವಾರಕ್ಕೆ ಮೂರು ದಿನ.

ಎಷ್ಟು ನೋವು ಸಹಿಸಬಹುದು? ಹತ್ತಕ್ಕೆ ಮೂರು ನಾಲ್ಕರಷ್ಟು ನೋವಾದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆಯ ಹೊತ್ತಿಗೆ ಅದು ಇಳಿದಿರಬೇಕು. ಇಳಿಯದಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಆರರಿಂದ ಹನ್ನೆರಡು ವಾರ ಮಾಡಿದ ಮೇಲೆಯೇ ಇದರ ಗುಣ ಅಳೆಯಬೇಕು. ಎಂಟು ದಿನ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ. ಪೂರ್ತಿ ಕೈ ಕಟ್ಟಿಕೊಂಡು ಕೂರುವುದೂ ತಪ್ಪೇ. ಅಲುಗದ ಭುಜ ಬಿಗಿದುಕೊಳ್ಳುತ್ತದೆ.

ನಮಾಝ್, ನಿದ್ದೆ, ಊಟ, ಶುಚಿತ್ವ

ನಮ್ಮ ಮನೆಗಳಲ್ಲಿ ಭುಜದ ಗಾಯ ದಿನಕ್ಕೆ ಐದು ಸಲ ಎದುರಿಗೆ ಬರುತ್ತದೆ. ತಕ್ಬೀರ್‌ಗೆ ಕೈ ಎತ್ತುವುದು ಸುನ್ನತ್. ಎಷ್ಟು ಏಳುತ್ತದೋ ಅಷ್ಟು ಎತ್ತಿದರೆ ಸಾಕು. ಸುಜೂದ್‌ಗೆ ಹೋಗುವಾಗ, ಏಳುವಾಗ ನೋವಿನ ಕೈಯ ಮೇಲೆ ಮೈಭಾರ ಹಾಕಬೇಡಿ. ಒಳ್ಳೆಯ ಕೈ ಮತ್ತು ಮೊಣಕಾಲಿನ ಮೇಲೆ ಭಾರ ಬಿಡಿ. ಅದೂ ಆಗದಿದ್ದರೆ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುವ ಬಗ್ಗೆ ಊರಿನ ಆಲಿಮರನ್ನು ಕೇಳಿ. ನಿಲ್ಲಲಾಗದವನು ಕುಳಿತು, ಕೂರಲಾಗದವನು ಮಲಗಿ ನಮಾಝ್ ಮಾಡಬಹುದೆಂಬ ಸವಲತ್ತು ದೀನ್‌ನಲ್ಲಿದೆ. ಗಾಯಕ್ಕೆ ನೀರು ತಾಗಬಾರದ ದಿನಗಳಲ್ಲಿ ವುಝೂ, ಸ್ನಾನದ ವಿಷಯವನ್ನೂ ಅವರಲ್ಲೇ ಕೇಳಿ ತಿಳಿಯಿರಿ.

ಬಲಮಗ್ಗುಲಿಗೆ ಮಲಗುವ ರೂಢಿ ನಮ್ಮದು. ಬಲ ಭುಜಕ್ಕೆ ಗಾಯವಾಗಿದ್ದರೆ ಗುಣವಾಗುವವರೆಗೆ ಅಂಗಾತ ಮಲಗಿ, ಆ ತೋಳಿನ ಕೆಳಗೆ ದಿಂಬು ಇಡಿ. ಅಥವಾ ಎಡಕ್ಕೆ ತಿರುಗಿ, ಎದೆಗೆ ಒಂದು ದಿಂಬು ತಬ್ಬಿ ಅದರ ಮೇಲೆ ಬಲಗೈ ಇಡಿ.

ಶಸ್ತ್ರಚಿಕಿತ್ಸೆಯಾಗಿ ಬಲಗೈ ಜೋಳಿಗೆಯಲ್ಲಿದ್ದರೆ ಊಟ ಹೇಗೆ ಎಂದು ಹಿರಿಯರು ಸಂಕೋಚಪಡುತ್ತಾರೆ. ಸಾಮಾನ್ಯವಾಗಿ ಮೊಣಕೈ, ಮಣಿಕಟ್ಟು, ಬೆರಳುಗಳನ್ನು ಆಡಿಸಲು ವೈದ್ಯರು ಹೇಳುತ್ತಾರೆ. ಅವರು ಒಪ್ಪಿದರೆ ತೋಳನ್ನು ಪಕ್ಕೆಗೆ ಒತ್ತಿಕೊಂಡೇ, ತಟ್ಟೆಯನ್ನು ಎತ್ತರಕ್ಕೆ ಇಟ್ಟುಕೊಂಡು ಉಣ್ಣಬಹುದು. ಆಗದಿದ್ದರೆ ಚಮಚ, ಎಡಗೈ. ಅನಿವಾರ್ಯತೆಯಲ್ಲಿ ತಪ್ಪಿಲ್ಲ. ಎಡ ಭುಜದ ಶಸ್ತ್ರಚಿಕಿತ್ಸೆಯಾದವರಿಗೆ ಶೌಚದ ಶುಚಿಯೇ ದೊಡ್ಡ ಚಿಂತೆ. ಆಸ್ಪತ್ರೆಗೆ ಹೋಗುವ ಮೊದಲೇ ಶೌಚಾಲಯದಲ್ಲಿ ಬಲಗೈಗೆ ಎಟಕುವಂತೆ ಕೈಪೈಪ್ ಹಾಕಿಸಿಟ್ಟುಕೊಳ್ಳಿ. ಪತಿ ಪತ್ನಿ ಪರಸ್ಪರ ನೆರವಾಗಲು ನಾಚಬೇಕಿಲ್ಲ.

ಜೋಳಿಗೆಯ ದಿನಗಳಲ್ಲಿ ಕಂಕುಳು ಬೆವತು ಚರ್ಮ ಕೆಡುತ್ತದೆ, ಹುಳುಕಡ್ಡಿಯಾಗುತ್ತದೆ. ವೈದ್ಯರ ಒಪ್ಪಿಗೆ ಪಡೆದು ದಿನಕ್ಕೊಮ್ಮೆ ಮುಂದಕ್ಕೆ ಬಾಗಿ ಕೈಯನ್ನು ಇಳಿಬಿಟ್ಟು, ಕಂಕುಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ತೋಳನ್ನು ಪಕ್ಕಕ್ಕೆ ಎತ್ತಬೇಡಿ. ಜೋಳಿಗೆಗಳು ಎರಡಿದ್ದರೆ ಒಗೆದು ಬದಲಿಸಬಹುದು. ಮುಂದೆ ಗುಂಡಿ ಇರುವ ಸಡಿಲ ಅಂಗಿ, ಕುರ್ತಾ ಒಳ್ಳೆಯದು. ತೊಡುವಾಗ ನೋವಿನ ಕೈ ಮೊದಲು, ಕಳಚುವಾಗ ಅದು ಕೊನೆಗೆ.

ಮತ್ತೆ ಕೆಲಸಕ್ಕೆ ಹೋಗುವುದು ಯಾವಾಗ?

ರಜ್ಜು ಹೊಲಿದ ಮೇಲೆ ನಾಲ್ಕರಿಂದ ಆರು ವಾರ ಜೋಳಿಗೆ. ಆರು ವಾರದ ಸುಮಾರಿಗೆ ತಾನಾಗಿ ಎತ್ತಲು ಅಭ್ಯಾಸ. ಮೂರು ತಿಂಗಳ ನಂತರ ಬಲ ಕೊಡುವ ವ್ಯಾಯಾಮ. ಭಾರದ ಕೆಲಸಕ್ಕೆ ಆರು ತಿಂಗಳಾದರೂ ಬೇಕು. ಈ ಲೆಕ್ಕವನ್ನು ಮೊದಲೇ ತಿಳಿದು, ಮನೆಯವರೆಲ್ಲ ಕೂತು ಮಾತಾಡಿ, ಮೇಸ್ತ್ರಿಗೂ ಮಾಲೀಕರಿಗೂ ಹೇಳಿಟ್ಟರೆ ಒತ್ತಡ ಕಡಿಮೆ. ಹೇಳದೆ ಕದ್ದು ಕೆಲಸಕ್ಕೆ ಹೋದವರ ಹೊಲಿಗೆ ಬಿಟ್ಟುಹೋಗುವುದುಂಟು.

ಕೆಲಸಕ್ಕೆ ಮರಳುವಾಗ ಬಿಲ್ಲುಗಾರನ ಕ್ರಮ ನೆನಪಿರಲಿ. ದೋಟಿ ಹಿಡಿಯುವವರು ಮೊದಲ ವಾರಗಳಲ್ಲಿ ಗೊನೆ ಆಯುವ, ಬಿಡಿಸುವ ಕೆಲಸ ಮಾಡಿ. ಆಮೇಲೆ ಗಿಡ್ಡ ಮರಗಳು, ಅರ್ಧ ದಿನ. ಇಬ್ಬರು ಸರದಿಯಲ್ಲಿ ದೋಟಿ ಹಿಡಿದರೆ ಇಬ್ಬರ ಭುಜವೂ ಉಳಿಯುತ್ತದೆ. ಗೊನೆ ಕಣ್ಣಮುಂದೆ ಇರುವಂತೆ ನಿಂತುಕೊಳ್ಳಿ, ತಲೆಯ ಹಿಂದಕ್ಕೆ ಕೈ ಹೋಗದಿರಲಿ. ಪೇಂಟರ್‌ಗಳು ಏಣಿಯ ಒಂದು ಮೆಟ್ಟಿಲು ಮೇಲೆ ಹತ್ತಿದರೆ ಕೈ ಅಷ್ಟು ಕಡಿಮೆ ಎತ್ತಬೇಕಾಗುತ್ತದೆ. ಹಮಾಲಿಗಳಿಗೆ ಚೀಲ ಎತ್ತಿ ಹೆಗಲಿಗಿಡಲು ಇಬ್ಬರು ಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಪುರುಷ ಹೊರುವ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿದೆ. ಹೆಂಗಸರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕು. ಚೀಲ ತುಂಬಿಸುವ ವರ್ತಕರು ಇದನ್ನು ಗಮನಿಸಬೇಕು.

ಬೀಡಿ, ಸಿಗರೇಟು, ಗುಟ್ಕಾ ಬಿಡಿ. ತಂಬಾಕು ರಕ್ತದ ಹರಿವನ್ನು ಕುಗ್ಗಿಸಿ ರಜ್ಜು ಕೂಡದಂತೆ ಮಾಡುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ನಲವತ್ತು ದಾಟಿದವರ ಭುಜ ಕಾರಣವಿಲ್ಲದೆ ಬಿಗಿದುಕೊಂಡರೆ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಗೇ ಹೋಗಿ. ಕಡೂರು, ತರೀಕೆರೆಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಅಜ್ಜಂಪುರದವರು ಅಲ್ಲಿನ ಸರ್ಕಾರಿ ವೈದ್ಯರಿಗೆ ತೋರಿಸಿ ಮುಂದಿನ ದಾರಿ ಕೇಳಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಮೂಳೆ ಮತ್ತು ಅಪಘಾತ ಚಿಕಿತ್ಸೆಗೇ ಮೀಸಲಾದ ಬೆಂಗಳೂರಿನ ಸಂಜಯ್ ಗಾಂಧಿ ಸಂಸ್ಥೆ ಇವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಈ ನೆರವು ಕೈತಪ್ಪಬಹುದು. ನಿಮ್ಮ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ಹೆಣ್ಣುಮಕ್ಕಳು ಭುಜ ತೋರಿಸಲು ಮುಜುಗರಪಟ್ಟು ವರ್ಷಗಟ್ಟಲೆ ನೋವು ನುಂಗುತ್ತಾರೆ. ಮಹಿಳಾ ಫಿಸಿಯೋಥೆರಪಿಸ್ಟ್ ಬೇಕೆಂದು ಕೇಳಿಕೊಳ್ಳಬಹುದು. ಮನೆಯ ಗಂಡಸರು ಆ ಮಾತನ್ನು ಅವರ ಪರವಾಗಿ ಮುಂದಾಗಿ ಕೇಳಬೇಕು. ಅವರು ಗುಣವಾಗುವವರೆಗೆ ಕೊಡ, ಕುಕ್ಕರ್, ಅಕ್ಕಿಮೂಟೆಗಳನ್ನು ಎತ್ತುವ ಕೆಲಸವನ್ನೂ ವಹಿಸಿಕೊಳ್ಳಬೇಕು.

ಕೂಲಿಯವರು ಆರು ತಿಂಗಳು ಮನೆಯಲ್ಲಿ ಕೂರುವುದು ಹೇಳಿದಷ್ಟು ಸುಲಭವಲ್ಲ. ಮೊಹಲ್ಲಾದಲ್ಲಿ ಅಂಥವರೊಬ್ಬರಿದ್ದರೆ ಜಮಾಅತ್‌ನ ಝಕಾತ್, ಸದಕಾ ನಿಧಿ ಮೊದಲು ಅವರ ಬಾಗಿಲಿಗೆ ಹೋಗಲಿ. ತೋಟದವರು, ಮಂಡಿಯವರು ಅವರಿಗೆ ತೂಕ ಬರೆಯುವ, ಕಾಯಿ ಎಣಿಸುವ, ಕಾವಲಿನ ಕೆಲಸ ಕೊಡಲಿ. ಹೊಟ್ಟೆಯ ಚಿಂತೆ ಇಲ್ಲದವನು ಮಾತ್ರ ವೈದ್ಯರು ಹೇಳಿದಷ್ಟು ದಿನ ಕಾಯಬಲ್ಲ.